ಹನಿಯ ಸೊಂಟದಳತೆ

ಚಿತ್ರ ಬರೆಯುವವರು ಮಳೆಹನಿಗೆ ಮೇಲೊಂದು ಚೂಪು ಜುಟ್ಟು ಇಡುತ್ತಾರೆ. ಆಕಾಶದಲ್ಲಿ ಅಂಥ ಹನಿ ಒಂದೂ ಬೀಳುವುದಿಲ್ಲ. 1 ಮಿ.ಮೀ.ಗಿಂತ ಸಣ್ಣದು ಹೆಚ್ಚುಕಡಿಮೆ ಗುಂಡಗಿರುತ್ತದೆ. ದಪ್ಪವಾದಂತೆ ಕೆಳಗಿನ ಗಾಳಿ ತಳವನ್ನು ಒತ್ತುತ್ತದೆ, ಹನಿ ಮಗುಚಿಟ್ಟ ಇಡ್ಲಿಯಂತಾಗುತ್ತದೆ. 5 ಮಿ.ಮೀ. ಹನಿಯ ಎತ್ತರ ಅದರ ಅಗಲದ ಮುಕ್ಕಾಲನ್ನೂ ಮುಟ್ಟುವುದಿಲ್ಲ.

ಈ ಚೂರು ಚಪ್ಪಟೆತನವನ್ನು ದೂರದಿಂದಲೇ ಓದುವ ಯಂತ್ರವೊಂದು ಸಾತಾರಾ ಜಿಲ್ಲೆಯ ಮಾಂಢರದೇವಿ ಬೆಟ್ಟದ ಮೇಲಿದೆ. ಪುಣೆಯ ಪಾಷಾಣ್‌ನಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ಎಕ್ಸ್-ಬ್ಯಾಂಡ್ ರೇಡಾರ್ ಅದು. ಸುಮಾರು 3 ಸೆಂ.ಮೀ. ಅಲೆಗಳು ಮಲಗಿಯೂ ನಿಂತೂ ಕಂಪಿಸುತ್ತ ಹೊರಡುತ್ತವೆ. ಅಗಲ ಹನಿಗೆ ತಾಗಿದರೆ ಮಲಗಿದ ಅಲೆಯ ಮರುದನಿ ಜೋರು. ಹಳೆಯ ರೇಡಾರಿಗೆ ಗೊತ್ತಿದ್ದದ್ದು ದನಿಯ ಬಲ ಮಾತ್ರ. 2 ಮಿ.ಮೀ.ನ ಒಂದು ಹನಿ, 1 ಮಿ.ಮೀ.ನ 64 ಹನಿಗಳಷ್ಟು ಕೂಗುತ್ತದೆ; ಜಿಟಿಜಿಟಿ ಯಾವುದು, ದಪ್ಪ ಹನಿಯ ಪಟಪಟ ಯಾವುದು ಎಂದು ಆ ಹಳೆಯ ರೇಡಾರ್ ಹೇಳಲಾರದು. ಎರಡು ದನಿಗಳ ವ್ಯತ್ಯಾಸದಿಂದ ಹನಿಯ ಗಾತ್ರ ಹಿಡಿಯಬಹುದೆಂದು 1976ರಲ್ಲಿ ತೋರಿಸಿದವರು ವಿಜ್ಞಾನಿಗಳಾದ ಸೆಲಿಗಾ ಮತ್ತು ನಮ್ಮ ದೇಶದಿಂದ ಹೋದ ಬ್ರಿಂಗಿ.

ನನಗೆ ಇದಕ್ಕಿಂತ ರುಚಿಸುವುದು ಇದರ ತಿರುವುಮುರುವು ಲೆಕ್ಕ. ಮಹಾಬಳೇಶ್ವರದಲ್ಲಿ, ಮುಂದೆ ಆಲಮಟ್ಟಿ ಅಣೆಕಟ್ಟಿಗೆ ಹರಿದು ಬರುವ ಕೃಷ್ಣೆಯ ತವರಿನಲ್ಲಿ, ಇದೇ ಸಂಸ್ಥೆಯ ಡಿಸ್ಡ್ರೋಮೀಟರ್ ಬಿದ್ದ ಹನಿಗಳನ್ನು ಗಾತ್ರವಾರು ಎಣಿಸುತ್ತದೆ. ಘಟ್ಟದ ಮಳೆಯಲ್ಲಿ ಸಣ್ಣ ಹನಿಗಳದೇ ಜಾತ್ರೆ. ಇಂಥ ಎಣಿಕೆಯನ್ನು 1965ರಲ್ಲಿ ವಾಟರ್‌ಮನ್ ಎಂಬ ವಿಜ್ಞಾನಿ ಕೊಟ್ಟ, ಅಲೆ ಚದುರುವುದನ್ನು ಲೆಕ್ಕಹಾಕುವ ಟಿ-ಮ್ಯಾಟ್ರಿಕ್ಸ್ ಗಣಿತಕ್ಕೆ ಉಣಿಸಿದರೆ ರೇಡಾರ್ ಏನು ಕೇಳಬೇಕಿತ್ತೆಂದು ಕಂಪ್ಯೂಟರ್ ಹೇಳುತ್ತದೆ. ಅದನ್ನು ನಿಜವಾದ ಮರುದನಿಯ ಪಕ್ಕ ಇಟ್ಟು ನೋಡುವುದೇ ಪರೀಕ್ಷೆ.

ಆದರೆ ಯಾವ ಗಾತ್ರದ ಹನಿ ಎಷ್ಟು ಚಪ್ಪಟೆ ಎಂದು ಆ ಗಣಿತಕ್ಕೆ ಹೇಳುವ ಆಕಾರದ ಸೂತ್ರವೇ ತಪ್ಪಿದ್ದರೆ? ಬೀಳುವ ಹನಿ ಥರಥರ ಅದುರುತ್ತಲೂ ಇರುತ್ತದಲ್ಲ. ಅದಕ್ಕೇ ತುರೈ ಎಂಬ ವಿಜ್ಞಾನಿ ಮತ್ತು ಅದೇ ಬ್ರಿಂಗಿ, ಸೇತುವೆಯೊಂದರ ಮೇಲಿಂದ ಪೈಪಿನಲ್ಲಿ ನೀರು ಬಿಟ್ಟು, 80 ಮೀಟರ್ ಕೆಳಗೆ ವಿಡಿಯೊ ಉಪಕರಣವಿಟ್ಟು ಹನಿಗಳ ಅಗಲ-ಎತ್ತರ ಅಳೆದು 2005ರಲ್ಲಿ ಪ್ರಕಟಿಸಿದರು. ಗಾಳಿಯಿಲ್ಲದ ಹೊತ್ತು ನೋಡಿ ಮಳೆ ಸುರಿಸುವ ಆ ಹುಚ್ಚು ನನಗೆ ಬಲು ಇಷ್ಟ.

ಯಂತ್ರದ ಪ್ರಾಮಾಣಿಕತೆ ನೋಡುವ ಉಪಾಯ ಇನ್ನೂ ಚೆಂದ. ತುಂತುರು ಬೀಳುವಾಗ ಆಂಟೆನಾವನ್ನು ನೆಟ್ಟಗೆ ಮೇಲಕ್ಕೆತ್ತಿ ಸುತ್ತಿಸುತ್ತಾರೆ. ಅಡಿಯಿಂದ ನೋಡಿದರೆ ಎಂಥ ಚಪ್ಪಟೆ ಹನಿಯೂ ವೃತ್ತವೇ, ಎರಡು ದನಿಗಳ ವ್ಯತ್ಯಾಸ ಸೊನ್ನೆಯಾಗಲೇಬೇಕು. 0.3 ಡೆಸಿಬೆಲ್ ಉಳಿಯಿತೋ, ಅದು ಯಂತ್ರದ ಪಾಲಿನ ದೋಷ, ಲೆಕ್ಕದಿಂದ ಕಳೆಯಬೇಕು.

ಇಷ್ಟಾದರೂ ಲೆಕ್ಕ ಎಡವುವ ಜಾಗವೊಂದುಂಟು: ಮುಂಗಾರಿನ ಮೋಡದಲ್ಲಿ ಸುಮಾರು 5 ಕಿ.ಮೀ. ಎತ್ತರದಲ್ಲಿ ಹಿಮ ಕರಗುವ ಪಟ್ಟಿಯೊಂದಿದೆ. ಕೆಳಗಿನ ಮಳೆಯಲ್ಲಿ ಎರಡು ಅಲೆಗಳ ಮರುದನಿಗಳ ಹೊಂದಾಣಿಕೆಯ ಅಂಕಿ ಒಂದಕ್ಕೆ ತೀರ ಹತ್ತಿರ. ಈ ಪಟ್ಟಿಯಲ್ಲಿ ಅದು ದಿಢೀರನೆ ಕುಸಿಯುತ್ತದೆ. ಅರ್ಧ ಕರಗಿದ ಹಿಮದಲ್ಲಿ ನೀರೆಷ್ಟು, ಗಾಳಿಯೆಷ್ಟು, ಅದು ಹೇಗೆ ಉರುಳುತ್ತಿದೆ ಎಂಬುದನ್ನೆಲ್ಲ ಊಹಿಸಿಯೇ ಗಣಿತಕ್ಕೆ ಕೊಡಬೇಕು. ಮಳೆ ಅಳೆಯುವವರಿಗೆ ಆ ಪಟ್ಟಿ ಬರೀ ತೊಂದರೆ. ನಾನಾದರೆ ಮೊದಲು ನೋಡುವುದು ಅದನ್ನೇ.