ಲಾಂಛನವನ್ನು ಕಳಚಿದವರು: ಮೋಟಾರು ಸೈಕಲ್ ಸಂಘಗಳ ಕೆಲವು ಗ್ರಂಥಗಳ ವಿಮರ್ಶೆ

ಅಮೆರಿಕದ ಬಹಿಷ್ಕೃತ ಮೋಟಾರು ಸೈಕಲ್ ಸಂಘಗಳನ್ನು ಕುರಿತು ಆಂಗ್ಲಭಾಷೆಯಲ್ಲಿ ಹುಟ್ಟಿರುವ ಗ್ರಂಥಗಳು ಹಲವು. ಸಂಘವನ್ನು ಸೇರುವ ಬಗೆಯನ್ನು ಅವು ಸೊಗಸಾಗಿ ವರ್ಣಿಸುತ್ತವೆ. ಬಿಡುವ ಬಗೆಯನ್ನು ಹೇಳಬೇಕಾದಲ್ಲಿ ಬಹುಮಟ್ಟಿಗೆ ತಡವರಿಸುತ್ತವೆ. ಇದು ಕೇವಲ ರಚನಾದೋಷವಲ್ಲ. ತನ್ನನ್ನು ಒಂದು ಗುಂಪಿಗೆ ಒಪ್ಪಿಸಿಕೊಂಡ ಮನುಷ್ಯನು ಮತ್ತೆ ತಾನೇ ಆಗಬಲ್ಲನೆ ಎಂಬುದೇ ಈ ವಸ್ತುವಿನ ಜೀವಾಳವಾಗಿರುವುದರಿಂದ, ಅಲ್ಲಿ ಸೋತ ಗ್ರಂಥವು ಉಳಿದೆಡೆ ಎಷ್ಟು ಗೆದ್ದರೂ ಅಪೂರ್ಣವೇ ಸರಿ.

ಈ ಸಂಘಗಳ ಪ್ರಸಿದ್ಧಿ 1947ರ ಜುಲೈ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ಹಾಲಿಸ್ಟರ್ ಎಂಬ ಊರಿನಲ್ಲಿ ನಡೆದ ಗಲಭೆಯಿಂದ ಮೊದಲಾಯಿತು. ಮರುವರ್ಷವೇ 'ಹೆಲ್ಸ್ ಏಂಜಲ್ಸ್' ಹುಟ್ಟಿತು. ಸವಾರರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಸಭ್ಯರೆಂದು ಅಮೆರಿಕದ ಮೋಟಾರು ಸೈಕಲ್ ಸಂಸ್ಥೆಯು ಸಾರಿತೆಂದು ಪ್ರತೀತಿ. ತನ್ನ ದಾಖಲೆಗಳಲ್ಲಿ ಅಂತಹ ಹೇಳಿಕೆಯೇ ಇಲ್ಲವೆಂದು ಆ ಸಂಸ್ಥೆ ಹೇಳಿದೆ. ಆದರೂ ಉಳಿದ ಒಬ್ಬನೇ ತಾನೆಂದು ಸಾರುವ 'ಶೇಕಡ ಒಂದು' ಎಂಬ ಗುರುತನ್ನು ಇವರು ಇಂದಿಗೂ ಎದೆಯ ಮೇಲೆ ಧರಿಸುತ್ತಾರೆ. ಬೆನ್ನಿನ ಲಾಂಛನ ಇನ್ನೂ ದೊಡ್ಡದು. ಅದನ್ನು ಪಡೆಯಲು ಉಮೇದುವಾರನಾಗಿ ತಿಂಗಳುಗಟ್ಟಲೆ ಊಳಿಗ ಮಾಡಬೇಕು. ಪಡೆದ ಮೇಲೂ ಅದು ಅವನದಲ್ಲ, ಸಂಘದ ಸ್ವತ್ತು. ಬಿಡುವವನು ಅದನ್ನು ಹಿಂದಿರುಗಿಸತಕ್ಕದ್ದು. ಮರ್ಯಾದೆಯಿಂದ ಹೊರಟವನು ಬೇರೆ, ದೂಷಿತನಾಗಿ ಹೊರಬಿದ್ದವನು ಬೇರೆ. ಎರಡನೆಯವನ ಮೈಮೇಲಿನ ಹಚ್ಚೆಯನ್ನೂ ಅಳಿಸಬೇಕೆನ್ನುವುದುಂಟು. ಬಟ್ಟೆಯನ್ನು ಕಳಚಬಹುದು, ಚರ್ಮವನ್ನು ಕಳಚುವುದು ಹೇಗೆ?

ಹಂಟರ್ ಥಾಮ್ಸನ್ನನ 'ಹೆಲ್ಸ್ ಏಂಜಲ್ಸ್' 1967ರಲ್ಲಿ ಪ್ರಕಟವಾಯಿತು. ಈತನು ಸದಸ್ಯನಾದವನಲ್ಲ, ಸಂಗಡ ತಿರುಗಿದವನು. ಕ್ಯಾಲಿಫೋರ್ನಿಯದ ಪ್ರಧಾನ ನ್ಯಾಯವಾದಿ ಲಿಂಚರು 1965ರಲ್ಲಿ ಹೊರಡಿಸಿದ ವರದಿಯನ್ನೂ ಅದನ್ನು ಉಬ್ಬಿಸಿದ ವೃತ್ತಪತ್ರಿಕೆಗಳನ್ನೂ ಈತನು ಪದರ ಪದರವಾಗಿ ಬಿಡಿಸಿ ನೋಡುವ ಭಾಗ ಅತ್ಯುತ್ತಮವಾದುದು. ಆದರೆ ಪತ್ರಿಕೆಗಳ ಉತ್ಪ್ರೇಕ್ಷೆಯನ್ನು ಖಂಡಿಸುವ ಉತ್ಸಾಹದಲ್ಲಿ ಸ್ತ್ರೀಯರ ಮೇಲಿನ ಅತ್ಯಾಚಾರದ ಪ್ರಸಂಗಗಳನ್ನು ಹಗುರವಾದ ತಕ್ಕಡಿಯಲ್ಲಿ ತೂಗುತ್ತಾನೆ. ವೀರಕ್ಕೆ ಆಲಂಬನವಾಗಬಾರದವರನ್ನು ಆಲಂಬನವಾಗಿ ಮಾಡಿಕೊಂಡರೆ ಉಂಟಾಗುವ ರಸಾಭಾಸವೇ ಇಲ್ಲಿಯೂ ಉಂಟಾಗಿದೆ. 1966ರಲ್ಲಿ ಅದೇ ಜನ ಅವನನ್ನು ಚೆನ್ನಾಗಿ ಥಳಿಸಿದರು. ಅಲ್ಲಿಗೆ ಸಹವಾಸವೂ ಮುಗಿಯಿತು, ಗ್ರಂಥವೂ ಮುಗಿಯಿತು. ಆ ಕೊನೆಯಲ್ಲಿ ಸ್ವಂತ ಮಾತು ಬೇಕಾಗಿತ್ತು. ಪುಟಗಟ್ಟಲೆ ಮಾತಿಗೆ ಬಡತನವಿಲ್ಲದ ಈ ಲೇಖಕನು ಅಲ್ಲಿ ಮಾತ್ರ ಕಾನ್ರಾಡನ ಪಾತ್ರವೊಂದರ ಮಾತನ್ನು ಸಾಲವಾಗಿ ತಂದಿದ್ದಾನೆ. ಒಳಗಿನವನಾಗದವನಿಗೆ ಹೊರಬರುವ ಸಂಕಟವೂ ದಕ್ಕಲಿಲ್ಲವೆಂದೇ ಹೇಳಬೇಕು.

ಡ್ಯಾನಿ ಲಯನ್ನನ 'ದಿ ಬೈಕ್‌ರೈಡರ್ಸ್' 1968ರದು. ಛಾಯಾಚಿತ್ರಕಾರನಾದ ಈತನು ಷಿಕಾಗೋ ನಗರದ 'ಔಟ್‌ಲಾಸ್' ಸಂಘದ ಸದಸ್ಯನೇ ಆದನು. ಹಾಗೆ ಸೇರಬೇಡವೆಂದು ಥಾಮ್ಸನ್ನನು ಅವನಿಗೆ ಬರೆದಿದ್ದನು. ಚಿತ್ರಗಳೊಡನೆ ಧ್ವನಿಮುದ್ರಣ ಯಂತ್ರದಿಂದ ಸಂಗ್ರಹಿಸಿದ ಮಾತುಗಳನ್ನೂ ತಿದ್ದದೆ ಅಚ್ಚುಮಾಡಿದ್ದಾನೆ. ಮಾತು ಹಿಂದುಮುಂದಾಗುತ್ತದೆ, ಹೇಳಿದ್ದನ್ನೇ ಹೇಳುತ್ತದೆ. ಅದೇ ಅದರ ಸತ್ವ. ಆ ಮಾತುಗಳಲ್ಲಿ ಸದಸ್ಯನೊಬ್ಬನ ಹೆಂಡತಿಯದು ಎಲ್ಲಕ್ಕಿಂತ ಮೇಲಾದುದು. ಸ್ತ್ರೀಯರಿಗೆ ಸದಸ್ಯತ್ವವಿಲ್ಲ. ಗಂಡನು ಸಂಘದವನಾಗಿರುವುದೆಂದರೇನೆಂಬುದನ್ನು ಮನೆಯ ಬಾಗಿಲಲ್ಲಿ ನಿಂತು ಕಂಡ ಅವಳು ಹೊಗಳುವುದೂ ಇಲ್ಲ, ಶಪಿಸುವುದೂ ಇಲ್ಲ. ಬೇಸರ, ನಗೆ, ಭಯ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾಳೆ. ಲಾಂಛನವನ್ನು ಎಂದೂ ಧರಿಸದವಳೇ ಅದರ ಭಾರವನ್ನು ಸರಿಯಾಗಿ ಬಲ್ಲವಳು. ಲಯನ್ನನ ಸ್ವಂತ ನಿರ್ಗಮನವಾದರೋ ಎಷ್ಟೋ ವರ್ಷಗಳಾದ ಮೇಲೆ ಸಂದರ್ಶನದಲ್ಲಿ ಹೊರಬಿದ್ದ ವಿಷಯ: ಒಬ್ಬನು ನಾಟ್ಸಿ ಧ್ವಜವನ್ನು ವನಭೋಜನದ ಜಮಖಾನವಾಗಿ ಹಾಸಿದನೆಂದೂ, ತಾನು ಜಗಳವಾಡಿದನೆಂದೂ, ಇವರಲ್ಲಿ ಕೆಲವರು ತಾನು ಭಾವಿಸಿದಷ್ಟು ರಮ್ಯರಲ್ಲವೆಂದು ಆಗ ಅರಿತನೆಂದೂ ಹೇಳಿದ್ದಾನೆ. ಗ್ರಂಥದ ಅತ್ಯುತ್ತಮ ಪುಟವಾಗಬಹುದಾಗಿದ್ದುದು ಹೀಗೆ ಮಾತಿನಲ್ಲಿ ಹೋಯಿತು!

ಓಕ್ಲೆಂಡಿನ ನಾಯಕ ಸನ್ನಿ ಬಾರ್ಜರನ ಆತ್ಮಕಥೆಯನ್ನು (2000) ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅದು ವಕೀಲನ ವಾದ. 1969ರ ಆಲ್ಟಮಾಂಟ್ ಸಂಗೀತೋತ್ಸವದ ಕೊಲೆಯ ವಿಷಯದಲ್ಲಿಯೂ ತಪ್ಪೆಲ್ಲ ಗಾಯಕರದು, ಜನಜಂಗುಳಿಯದು.

ವಿಲಿಯಂ ಕ್ವೀನನ 'ಅಂಡರ್ ಅಂಡ್ ಅಲೋನ್' (2005) ವಿಚಿತ್ರವಾದ ಗ್ರಂಥ. ಕೇಂದ್ರ ಸರ್ಕಾರದ ಪತ್ತೇದಾರನಾದ ಈತನು ಸುಳ್ಳು ಹೆಸರಿನಿಂದ 'ಮಾಂಗೋಲ್ಸ್' ಸಂಘವನ್ನು ಸೇರಿ ಇಪ್ಪತ್ತೆಂಟು ತಿಂಗಳು ಬಾಳಿದನು. ಭಾಷೆ ಒರಟು, ಅಲಂಕಾರಗಳು ಸವೆದ ನಾಣ್ಯಗಳು. ಥಾಮ್ಸನ್ನನ ಪಕ್ಕದಲ್ಲಿ ಇಡತಕ್ಕ ಗದ್ಯವಲ್ಲ. ಆದರೂ ಬಿಡುವ ನೋವು ನಿಜವಾಗಿ ಕಾಣುವುದು ಇಲ್ಲಿಯೇ. ಅವನ ಮನೆಯಲ್ಲಿ ಸಾವು ಸಂಭವಿಸಿದಾಗ ಕಚೇರಿಯ ಸಹೋದ್ಯೋಗಿಗಳು ಸುಮ್ಮನಿದ್ದರು. ಅಪ್ಪಿಕೊಂಡು ಸಮಾಧಾನ ಹೇಳಿದವರು ಅವನು ಸೆರೆಗೆ ಕಳುಹಿಸಬೇಕಾಗಿದ್ದ ಮಾಂಗೋಲರು. ಅವರು ಕ್ರೂರಿಗಳೆಂಬುದನ್ನೂ ಅವನು ಮರೆಯುವುದಿಲ್ಲ, ಆ ಅಪ್ಪುಗೆಯನ್ನೂ ಮರೆಯುವುದಿಲ್ಲ. ವೇಷವು ಸುಳ್ಳಾದರೂ ಸ್ನೇಹವು ಪೂರ್ತಿ ಸುಳ್ಳಾಗಲಿಲ್ಲವೆಂಬ ಈ ಒಂದು ಸಂಗತಿಯಿಂದ ಗ್ರಂಥಕ್ಕೆ ಗೌರವ ಬಂದಿದೆ.

ಲಯನ್ನನ ಗ್ರಂಥವನ್ನು ಆಧರಿಸಿ ಜೆಫ್ ನಿಕಲ್ಸ್ 2023ರಲ್ಲಿ ತಯಾರಿಸಿದ ಚಲಚ್ಚಿತ್ರವು ಆ ಹೆಂಡತಿಯನ್ನೇ ಕಥೆ ಹೇಳುವವಳನ್ನಾಗಿ ಮಾಡಿದುದು ಸರಿಯಾದ ವಿವೇಚನೆ. ಅದರಲ್ಲಿ ಗಂಡನು ಸವಾರಿಯನ್ನು ಬಿಟ್ಟು ಫ್ಲಾರಿಡದಲ್ಲಿ ಯಂತ್ರಗಳ ರಿಪೇರಿ ಮಾಡಿಕೊಂಡಿರುತ್ತಾನೆ. ಕೊನೆಯಲ್ಲಿ ಮನೆಯ ಮುಂದೆ ಕುಳಿತವನ ಕಿವಿಗೆ ದೂರದಲ್ಲಿ ಮೋಟಾರು ಸೈಕಲ್ಲುಗಳು ಹಾದುಹೋಗುವ ಸದ್ದು ಬೀಳುತ್ತದೆ. ಅವನು ಏಳುವುದಿಲ್ಲ, ಏನನ್ನೂ ಹೇಳುವುದಿಲ್ಲ. ಹೆಂಡತಿಯ ಕಡೆ ನೋಡಿ ನಗುತ್ತಾನೆ. ಆ ನಗೆಯಲ್ಲಿ ತೃಪ್ತಿಯೆಷ್ಟು, ಹಂಬಲವೆಷ್ಟು ಎಂಬುದನ್ನು ಅವಳೂ ಬಲ್ಲವಳಾಗಿರಲಾರಳು.