ಕನ್ನಡಿ ಕಳಚಿದ ಕ್ಯಾಮೆರಾ

"ಕನ್ನಡಿ ಇಲ್ಲದ ಕ್ಯಾಮೆರಾ ಬಂದಿದೆ" ಎಂದು ನಾನು ಹೇಳಿದಾಗ ಪಕ್ಕದ ಮನೆಯಾಕೆ, "ಕ್ಯಾಮೆರಾಕ್ಕೆ ಕನ್ನಡಿ ಯಾಕ್ರೀ ಬೇಕು? ಅದೇನು ಕುಂಕುಮ ಇಟ್ಟುಕೊಳ್ಳುತ್ತದೆಯೇ?" ಎಂದು ಕೇಳಿದರು. ಇಬ್ಬರೂ ನಕ್ಕೆವು. ಆಕೆ ಹೋದ ಮೇಲೆ ಯೋಚಿಸಿದರೆ, ಮೂವತ್ತು ವರ್ಷ ಕ್ಯಾಮೆರಾ ಹಿಡಿದ ನಾನೂ ಆ ಪ್ರಶ್ನೆಯನ್ನು ಎಂದೂ ಕೇಳಿಕೊಂಡಿರಲಿಲ್ಲ.

ನನ್ನ ಹಳೆಯ ನಿಕಾನ್ ಎಫ್‌ಎಂ2 ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಪುಟ್ಟ ಕನ್ನಡಿಯೊಂದಿದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಹಾರಿ ಬೆಳಕಿಗೆ ದಾರಿ ಬಿಡುತ್ತದೆ, ಫಿಲ್ಮಿನ ಮೇಲೆ ಚಿತ್ರ ಬೀಳುತ್ತದೆ, ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. 'ಟಪಕ್' ಎಂಬ ಆ ಸದ್ದಿನಲ್ಲಿ ಕನ್ನಡಿಯ ಪಾಲು ದೊಡ್ಡದು. ವಿಚಿತ್ರವೆಂದರೆ, ಚಿತ್ರ ಬೀಳುವ ಆ ಕ್ಷಣದಲ್ಲಿ ತೆಗೆಯುವವರ ಕಣ್ಣಿಗೆ ಕತ್ತಲೆ. ತಾನು ಹಿಡಿದ ಕ್ಷಣವನ್ನು ಅವರು ಕಂಡೇ ಇರುವುದಿಲ್ಲ!

ಹೊಸ ಕ್ಯಾಮೆರಾದಲ್ಲಿ ಈ ಕನ್ನಡಿಯೇ ಇಲ್ಲ. ಒಳಗಿನ ಸೆನ್ಸರಿಗೆ ಕಂಡದ್ದು ನೇರವಾಗಿ ಪುಟ್ಟ ಪರದೆಯ ಮೇಲೆ ಮೂಡುತ್ತದೆ. 2008ರಲ್ಲಿ ಪ್ಯಾನಸಾನಿಕ್ ಕಂಪನಿಯವರು ಜಿ1 ಎಂಬುದನ್ನು ತಂದಾಗ ನಮ್ಮಂಥವರು ಆಟದ ಸಾಮಾನೆಂದು ಮೂಗು ಮುರಿದಿದ್ದೆವು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ದೊಡ್ಡ ಸೆನ್ಸರಿನ ಮಿರರ್‌ಲೆಸ್ ತಂದ ಮೇಲೆ ಮೂಗು ತಾನಾಗಿ ನೆಟ್ಟಗಾಯಿತು.

2023ರ ಜೂನ್ ತಿಂಗಳಲ್ಲಿ ಭಾವನವರ ಮಗ ನಿಕಾನ್ ಜಡ್8 ಕೊಂಡ. ಅವನಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ. ಬರೀ ಕ್ಯಾಮೆರಾದ ಬೆಲೆಯೇ ಮೂರು ಲಕ್ಷದ ನಲವತ್ತಮೂರು ಸಾವಿರ ಚಿಲ್ಲರೆ. ಲೆನ್ಸು ಬೇರೆ. ಭಾವನವರು ಬೆಲೆ ಕೇಳಿ, "ಈ ದುಡ್ಡಿಗೆ ಒಂದು ಹಸು ಕಟ್ಟಬಹುದಿತ್ತಲ್ಲೋ" ಎಂದರು. ಕುಂದಲಹಳ್ಳಿಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಹಸು ಎಲ್ಲಿ ಕಟ್ಟುತ್ತಿದ್ದರೋ ಕಾಣೆ.

ಆ ಭಾನುವಾರ ಬೆಳಗ್ಗೆ ಕುಂದಲಹಳ್ಳಿ ಕೆರೆಯ ಏರಿಯ ಮೇಲೆ ನಾಲ್ವರು ಸೇರಿದೆವು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ವನ್ಯಜೀವಿ ಚಿತ್ರಗಳನ್ನು ನೋಡಿ ಹಕ್ಕಿಗಳ ಹುಚ್ಚು ಹತ್ತಿಸಿಕೊಂಡ ಭಾವನವರು, ನಲವತ್ತು ವರ್ಷ ಮದುವೆ ಮನೆಗಳಲ್ಲಿ ಫೋಟೋ ತೆಗೆದು ಈಗ ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡು ಕೂತಿರುವ ಸ್ಟುಡಿಯೋ ರಾಯರು, ಕ್ಯಾಮೆರಾದ ಒಡೆಯ, ಮತ್ತೆ ಚೀಲದಲ್ಲಿ ಹಳೆಯ ಲೆನ್ಸ್ ತುರುಕಿಕೊಂಡ ನಾನು.

ಮೊದಲು ತೂಕದ ಮಾತು. ಭಾವನವರ ಡಿ850 ಬ್ಯಾಟರಿ ಸೇರಿ 1005 ಗ್ರಾಂ, ಇದು 910. ವ್ಯತ್ಯಾಸ ಒಂದು ಈರುಳ್ಳಿಯಷ್ಟು. ಕನ್ನಡಿ ಹೋದರೆ ಹೂವಿನಷ್ಟು ಹಗುರವಾಗುತ್ತದೆಂಬ ಜಾಹೀರಾತಿನ ಮಾತನ್ನು ನೀವು ನಂಬಬೇಡಿ. ಇನ್ನು ಬ್ಯಾಟರಿ. ಕಂಪನಿಯ ಲೆಕ್ಕದಲ್ಲೇ ಡಿ850 ಒಂದು ಬ್ಯಾಟರಿಗೆ 1840 ಚಿತ್ರ ಕೊಡುತ್ತದೆ, ಇದು ಮುನ್ನೂರ ಮೂವತ್ತರ ಆಸುಪಾಸು. ಪರದೆ ಸದಾ ಉರಿಯುತ್ತಿರಬೇಕಲ್ಲ! ಒಂದೇ ಸಮನೆ ತೆಗೆಯುತ್ತಾ ಹೋದರೆ ಇನ್ನೂ ಹೆಚ್ಚು ಸಿಗುತ್ತವೆ, ನಿಜ. ಆದರೂ ಮೂರು ದಿನದ ಮದುವೆಗೆ ಹೊರಡುವವರು ಇನ್ನೆರಡು ಬ್ಯಾಟರಿ ಸೆರಗಿಗೆ ಕಟ್ಟಿಕೊಳ್ಳುವುದು ಒಳ್ಳೆಯದು.

ಆದರೆ ಕಣ್ಣಿಟ್ಟು ನೋಡಿದಾಗ ನನ್ನ ಕೊಂಕು ಅರ್ಧ ಉದುರಿತು. ಅಡಾಪ್ಟರ್ ಹಾಕಿದರೆ ನನ್ನ ಹಳೆಯ 50 ಎಂ.ಎಂ. ಲೆನ್ಸ್ ಇದಕ್ಕೂ ಕೂರುತ್ತದೆ. ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಗುಂಡಿಯೊಂದನ್ನು ಒತ್ತಿದರೆ ಕಂಡದ್ದನ್ನು ದೊಡ್ಡದಾಗಿಸಿ ತೋರಿಸುತ್ತದೆ. ಚಾಳೀಸು ಬಂದ ಕಣ್ಣಿಗೆ ಇದಕ್ಕಿಂತ ಉಪಕಾರ ಬೇಕೆ? ಚಿತ್ರ ಕಪ್ಪಾದೀತೇ, ಬಿಳಿಚಿಕೊಂಡೀತೇ ಎಂಬುದೂ ತೆಗೆಯುವ ಮೊದಲೇ ಗೊತ್ತಾಗುತ್ತದೆ.

ಅಷ್ಟರಲ್ಲಿ ಒಣಕೊಂಬೆಯ ಮೇಲೆ ಮಿಂಚುಳ್ಳಿ ಬಂದು ಕೂತಿತು. ಕ್ಯಾಮೆರಾ ತಾನಾಗಿ ಅದರ ಕಣ್ಣನ್ನು ಹುಡುಕಿ ಪುಟ್ಟ ಚೌಕ ಹಾಕಿತು. ಭಾವನವರು ಗುಂಡಿಯನ್ನು ಅರ್ಧ ಒತ್ತಿ ಕಾದರು. ಹಕ್ಕಿ ಹಾರಿತು. "ಛೇ, ತಡವಾಯ್ತು" ಎಂದು ಕೈಚೆಲ್ಲಿದರು. ಮಗ ನಕ್ಕು ಪರದೆ ತೋರಿಸಿದ. ರೆಕ್ಕೆ ಬಿಚ್ಚಿದ ಕ್ಷಣ ಅಚ್ಚುಕಟ್ಟಾಗಿ ಕೂತಿತ್ತು! ಗುಂಡಿ ಪೂರ್ತಿ ಒತ್ತುವುದಕ್ಕೆ ಒಂದು ಸೆಕೆಂಡ್ ಹಿಂದಿನವರೆಗಿನ ಚಿತ್ರಗಳನ್ನೂ ಇದು ಉಳಿಸಿಕೊಳ್ಳಬಲ್ಲದಂತೆ. ಭಾವನವರು ಬಹಳ ಹೊತ್ತು ಸುಮ್ಮನಿದ್ದು, "ಚಿತ್ರ ಚೆನ್ನಾಗಿದೆ ಕಣೋ, ಆದರೆ ಇದು ನಾನು ತೆಗೆದದ್ದಲ್ಲ" ಎಂದರು.

ಅವರ ಸಂಕಟ ನನಗೆ ಅರ್ಥವಾಯಿತು, ಆದರೆ ಒಪ್ಪಿಗೆಯಾಗಲಿಲ್ಲ. ಮಿಕ್ಸಿ ಬಂದಾಗ ನಮ್ಮತ್ತೆಯೂ ಚಟ್ನಿಯನ್ನು ಕುರಿತು ಇದೇ ಮಾತು ಹೇಳಿದ್ದರು. ಆ ಕೊಂಬೆಯ ಮೇಲೆ ಹಕ್ಕಿ ಬಂದು ಕೂರುತ್ತದೆಂದು ತಿಳಿದು, ಬೆನ್ನಿಗೆ ಬಿಸಿಲು ಮಾಡಿಕೊಂಡು ಮುಕ್ಕಾಲು ಗಂಟೆ ನಿಂತದ್ದು ಯಾರು? ಕ್ಯಾಮೆರಾ ಅಲ್ಲವಲ್ಲ.

ಸ್ಟುಡಿಯೋ ರಾಯರ ತಕರಾರು ಬೇರೆ. ಅವರು ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು, "ಇದಕ್ಕೆ ಜೀವವೇ ಇಲ್ಲವಲ್ಲಮ್ಮ" ಎಂದರು. ಇದರಲ್ಲಿ ಕನ್ನಡಿ ಮಾತ್ರವಲ್ಲ, ಯಾಂತ್ರಿಕ ಶಟರೂ ಇಲ್ಲ. ಬೇಕಾದರೆ ಕೃತಕ ಸದ್ದು ಹಾಕಿಕೊಳ್ಳಬಹುದು. ಹಕ್ಕಿ ಬೆದರಬಾರದೆಂದು ಹುಡುಗ ಅದನ್ನು ನಿಲ್ಲಿಸಿದ್ದ. "ಮದುವೆಮನೆಯಲ್ಲಿ ಸದ್ದು ಕೇಳಿದ ಮೇಲೇ ಜನ ಉಸಿರು ಬಿಡುತ್ತಿದ್ದರು" ಎಂದರು ರಾಯರು. ಹಳಬರ ಹಂಬಲವೆಂದು ಮನಸ್ಸಿನಲ್ಲೇ ನಕ್ಕೆ.

ನಗು ಕುಂದಲಹಳ್ಳಿ ಗೇಟಿನ ತನಕ ಉಳಿಯಿತು. ವಾಪಸು ಬರುವಾಗ ಕ್ಯಾಮೆರಾ ನನ್ನ ಕೈಯಲ್ಲಿತ್ತು, ನನ್ನದೇ ಲೆನ್ಸು, ಸದ್ದು ಇನ್ನೂ ಬಂದ್. ರಸ್ತೆಯಂಚಿನಲ್ಲಿ ಒಬ್ಬಾಕೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕನಕಾಂಬರ ಕಟ್ಟುತ್ತಿದ್ದಳು. ಸೆರಗು ಜಾರಿತ್ತು, ಮುಖದಲ್ಲಿ ರಾತ್ರಿಯ ನಿದ್ದೆಗೇಡು. ಎಷ್ಟು ಒಳ್ಳೆಯ ಬೆಳಕು! ಆರೇಳು ಚಿತ್ರ ತೆಗೆದೆ. ಆಕೆ ತಲೆಯೆತ್ತಲಿಲ್ಲ. ಹೆಮ್ಮೆಯಿಂದ ಹತ್ತಿರ ಹೋಗಿ ತೋರಿಸಿದೆ. ಮೆಚ್ಚುತ್ತಾಳೆಂದುಕೊಂಡಿದ್ದೆ. ಆಕೆ ಮೊದಲು ಸೆರಗು ಸರಿಮಾಡಿಕೊಂಡಳು.

"ಯಾವಾಗ ತೆಗೆದ್ರಿ? ಸದ್ದೇ ಬರಲಿಲ್ಲ."

ನನಗೆ ಉತ್ತರ ಬರಲಿಲ್ಲ.

"ಅದು ಬ್ಯಾಡ ಅಳಿಸ್ಬಿಡಿ. ಇನ್ನೊಂದು ತೆಗೀರಿ. ಹೇಳಿ ತೆಗೀರಿ."

ಅಳಿಸಿದೆ. ಆಕೆ ಮುಖ ಒರೆಸಿಕೊಂಡು, ಬುಟ್ಟಿಯನ್ನು ಮುಂದಕ್ಕೆಳೆದು, ನೆಟ್ಟಗೆ ಕೂತಳು. ಹುಡುಗನಿಗೆ ಹೇಳಿ ಸದ್ದು ಹಾಕಿಸಿ ತೆಗೆದೆ. ಮೊದಲಿನ ಚಿತ್ರದ ಸಹಜತೆ ಇದರಲ್ಲಿಲ್ಲ, ಬಲ್ಲವರು ಕಡಿಮೆ ಅಂಕ ಕೊಟ್ಟಾರು. ಆದರೆ ಇದು ಆಕೆಯ ಚಿತ್ರ. ಮೊದಲಿನದು ನನ್ನದು ಮಾತ್ರ ಆಗಿತ್ತು.

ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯ ಜನರನ್ನು, ಮಕ್ಕಳನ್ನು ಜೀವನವಿಡೀ ಚಿತ್ರಿಸಿದವರು. ತಮ್ಮ ಕನ್ನಡ ಪುಸ್ತಕಕ್ಕೆ ಅವರು ಕೊಟ್ಟ ಹೆಸರು 'ಕಾಲಕ್ಕೆ ಕನ್ನಡಿ'. ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ಸೀರೆಯುಟ್ಟು, ದೊಡ್ಡ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಹೊತ್ತು ದೆಹಲಿಯಲ್ಲಿ ಓಡಾಡಿದರು. ಅಂಥ ಕ್ಯಾಮೆರಾ ಎದುರಿನವರ ಕಣ್ಣಿಗೆ ಬೀಳದಿರುವುದು ಕಷ್ಟ.

ಹಾಗೆಂದು ಕನ್ನಡಿಯೇ ಸಭ್ಯತೆ ಎನ್ನುವಂತಿಲ್ಲ. ನನ್ನ ಅಪ್ಪನ ಅಗ್ಫಾ ಕ್ಲಿಕ್ 3 ಡಬ್ಬಿಗೂ ಕನ್ನಡಿ ಇರಲಿಲ್ಲ, ಸದ್ದೂ ಅಷ್ಟಕ್ಕಷ್ಟೆ. ಆದರೆ ಒಂದು ರೋಲಿಗೆ ಹನ್ನೆರಡೇ ಚಿತ್ರ. ಆದ್ದರಿಂದ ಅಪ್ಪ ಎಲ್ಲರನ್ನೂ ಕರೆದು ನಿಲ್ಲಿಸಿ, "ತೆಗೀತೀನಿ ನೋಡಿ" ಎಂದು ಕೂಗಿಯೇ ಒತ್ತುತ್ತಿದ್ದರು. ಜಡ್8 ಒಂದು ಸೆಕೆಂಡಿಗೆ ಇಪ್ಪತ್ತು ತೆಗೆಯುತ್ತದೆ, ಕೂಗುವುದಕ್ಕೆ ಪುರಸೊತ್ತೆಲ್ಲಿ?

ಹೆಣ್ಣಿನ ಖಾಸಗಿ ಗಳಿಗೆಯನ್ನು ಕದ್ದು ಚಿತ್ರಿಸುವುದು ಅಪರಾಧವೆಂದು 2013ರಲ್ಲಿ ಕಾನೂನಾಯಿತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು. ದಕ್ಷಿಣ ಕೊರಿಯಾ, ಜಪಾನುಗಳಲ್ಲಿ ಮಾರುವ ಫೋನುಗಳು ಚಿತ್ರ ತೆಗೆದರೆ ಸದ್ದು ಮಾಡುವಂತೆ ಏರ್ಪಾಟಿದೆ. ರಸ್ತೆಯಂಚಿನಲ್ಲಿ ಹೂ ಕಟ್ಟುವವಳ ಸಂಕೋಚ ಮಾತ್ರ ಯಾವ ಕಲಮಿಗೂ ಸಿಕ್ಕುವುದಿಲ್ಲ. ಅದನ್ನು ಕಾಯಬೇಕಾದವರು ಕ್ಯಾಮೆರಾ ಹಿಡಿದ ನಾವೇ.

ಕ್ಯಾಮೆರಾ ಕೊಳ್ಳಬಹುದೇ ಎಂದು ನೀವು ಕೇಳಿದರೆ, ಕೈಯಲ್ಲಿ ದುಡ್ಡಿದ್ದು, ಹಕ್ಕಿಗಳ ಮೇಲೆ ಪ್ರೀತಿಯಿದ್ದರೆ ಧಾರಾಳವಾಗಿ ಕೊಳ್ಳಿ. ಕಣ್ಣು ಮಂಜಾಗುತ್ತಿರುವ ನಮ್ಮಂಥವರಿಗೆ ಇದು ವರ. ಕೆರೆಯ ಹತ್ತಿರ ಸದ್ದು ನಿಲ್ಲಿಸಿ, ಊರೊಳಗೆ ಬಂದಾಗ ಮರೆಯದೆ ಹಾಕಿಕೊಳ್ಳಿ.

ಮುಂದಿನ ವಾರ ಆ ಚಿತ್ರದ ಪ್ರತಿ ಹಾಕಿಸಿ ಹೂವಿನಾಕೆಗೆ ಕೊಟ್ಟೆ. ದುಡ್ಡೆಷ್ಟು ಎಂದು ಕೇಳಿದಳು. ಬೇಡವೆಂದೆ. ಒಂದು ಮೊಳ ಕನಕಾಂಬರ ಅಳೆದು, ಮೇಲೆ ನಾಲ್ಕು ಬೆರಳು ಹೆಚ್ಚೇ ಬಿಟ್ಟು ಕತ್ತರಿಸಿ ಕೊಟ್ಟಳು. ಅಂದು ಕ್ಯಾಮೆರಾ ಒಯ್ದಿರಲಿಲ್ಲ.