ಒಂದೇ ಪ್ರಶ್ನೆಪತ್ರಿಕೆ

ಹಳೆಯದನ್ನೂ ಹೊಸದನ್ನೂ ಹೋಲಿಸುವವರಲ್ಲಿ ಎರಡು ಪಂಗಡಗಳುಂಟು. ಹಿಂದಿನ ಕಾಲದ ಪದಾರ್ಥದ ಗಟ್ಟಿತನ ಈಗ ಎಲ್ಲಿದೆ ಎನ್ನುವವರು ಒಂದು ಕಡೆ. ನಿನ್ನೆ ಮಾರುಕಟ್ಟೆಗೆ ಬಂದದ್ದೇ ಎಲ್ಲಕ್ಕಿಂತ ಮೇಲು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಕ್ಕಡಿಯನ್ನು ಕೈಗೆತ್ತಿಕೊಳ್ಳದೆಯೇ ತೂಕ ಹೇಳಿಬಿಡುತ್ತಾರೆ. ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಇಬ್ಬರು ಮಕ್ಕಳಲ್ಲಿ ಯಾರು ಮುಂದು ಎಂದು ಹೇಳಬೇಕಾದರೆ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟಿರಬೇಕು. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡುಗಳ ಹೋಲಿಕೆಯಲ್ಲಿ ಈ ಸಣ್ಣ ನಿಯಮ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದೇ ಇಲ್ಲಿ ನನ್ನ ಪ್ರಶ್ನೆ.

ಕನ್ನಡ ಪಾಠ ಹೇಳುವವಳಿಗೂ ಗ್ರಾಫಿಕ್ಸ್ ಕಾರ್ಡಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಚಲಿಸುವ ಚಿತ್ರಗಳನ್ನು ಮಾಡಲು ಕಲಿಯುತ್ತಿದ್ದಾಳೆ. ತಾಯಿ ಹೊಲಿಗೆ ಕೆಲಸದವರು. ಮಗಳ ಕಂಪ್ಯೂಟರಿಗೆಂದು ಚೀಟಿ ಎತ್ತಿದ್ದರು. 2025ರ ಬೇಸಿಗೆ ರಜೆಯಲ್ಲಿ ಹುಡುಗಿ ಎರಡು ಹೆಸರು ಬರೆದುಕೊಂಡು ಬಂದಳು. ಒಂದು, ಯಾರೋ ಬಳಸಿ ಮಾರುತ್ತಿದ್ದ ಆರ್‌ಟಿಎಕ್ಸ್ 3060; ಇನ್ನೊಂದು, ಅಂಗಡಿಯ ಹೊಸ ಆರ್‌ಟಿಎಕ್ಸ್ 4060. "ಅಮ್ಮನ ದುಡ್ಡು ಮೇಡಂ, ಕೊಳ್ಳುವುದು ಒಂದೇ ಸಲ. ಯಾವುದು ತಗೊಳ್ಳಲಿ?" ಎಂದಳು. ಅವಳಿಗೆ ಬೇಕಾದದ್ದು ಯಂತ್ರ ಬಲ್ಲವರಲ್ಲ, ಜೊತೆಗೆ ಕೂತು ಲೆಕ್ಕ ಹಾಕುವವರು. ಹೀಗಾಗಿ ಇಬ್ಬರೂ ಓದತೊಡಗಿದೆವು.

ಮೊದಲ ಪಾಠ ಹೆಸರಿನದು. 3060ರಲ್ಲಿ 30 ಎಂಬುದು ಪೀಳಿಗೆ, 60 ಎಂಬುದು ಆ ಪೀಳಿಗೆಯೊಳಗಿನ ಅಂತಸ್ತು. ಆದ್ದರಿಂದ ದೊಡ್ಡ ಸಂಖ್ಯೆಯೆಂದರೆ ದೊಡ್ಡ ಸಾಮರ್ಥ್ಯವಲ್ಲ. 2020ರ 3080 ಕಾರ್ಡು 2023ರ 4060ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಒಂದೇ ಹೆಸರಿನಲ್ಲಿ ಎರಡು ಸರಕು ಇರುವುದೂ ಉಂಟು. 2021ರಲ್ಲಿ ಬಂದ 3060ಕ್ಕೆ 12 ಜಿಬಿ ಮೆಮೊರಿ ಇತ್ತು. 2022ರಲ್ಲಿ ಅದೇ ಹೆಸರಿನಲ್ಲಿ 8 ಜಿಬಿಯದೂ ಬಂತು. ಮೆಮೊರಿಗೆ ಹೋಗಿಬರುವ ದಾರಿಯೂ 192 ಬಿಟ್‌ನಿಂದ 128 ಬಿಟ್‌ಗೆ ಕಿರಿದಾಯಿತು. ಹೆಸರು ಕ್ಷೀರಸಾಗರ ಭಟ್ಟನಾದರೂ ಮನೆಯಲ್ಲಿ ಮಜ್ಜಿಗೆ ಎಷ್ಟಿದೆ ಎಂದು ನೋಡಲೇಬೇಕು.

ನಮ್ಮ ಮುಂದಿದ್ದ ಹಳೆಯ ಕಾರ್ಡು 12 ಜಿಬಿಯದು. ಅದರಲ್ಲಿ ಲೆಕ್ಕ ಮಾಡುವ ಕೋರ್‌ಗಳು 3584. ಹೊಸ 4060ರಲ್ಲಿ 3072 ಮಾತ್ರ. ಹೊಸದರ ಮೆಮೊರಿ 8 ಜಿಬಿ, ದಾರಿ 128 ಬಿಟ್. ಇಷ್ಟನ್ನೇ ಓದಿದರೆ ಹಳೆಯದೇ ಗೆಲ್ಲಬೇಕು. ಆದರೆ ಹೊಸದರ ಕೋರ್‌ಗಳು ಹೆಚ್ಚು ಚುರುಕು: 1.78 ಗಿಗಾಹರ್ಟ್ಸ್ ಇದ್ದದ್ದು 2.46ಕ್ಕೆ ಏರಿದೆ. ಚಿಪ್ಪಿನೊಳಗೇ ಇರುವ ಕ್ಯಾಶ್ 3 ಎಂಬಿಯಿಂದ 24 ಎಂಬಿಗೆ ಬೆಳೆದಿದೆ. ಒಲೆಯ ಪಕ್ಕದ ಕಪಾಟು ದೊಡ್ಡದಾದರೆ ಉಗ್ರಾಣಕ್ಕೆ ಓಡುವುದು ಕಡಿಮೆಯಾಗುತ್ತದಲ್ಲ, ಹಾಗೆ. ವಿದ್ಯುತ್ತಿನ ಹಸಿವೂ 170 ವಾಟ್‌ನಿಂದ 115ಕ್ಕೆ ಇಳಿದಿದೆ. ಆದುದರಿಂದ ಸಾಮಾನ್ಯ ಆಟಗಳಲ್ಲಿ ಹೊಸದೇ ಒಂದಿಷ್ಟು ಮುಂದು. ಹಳೆಯದನ್ನು ಹೊಗಳುವವರು ಇದನ್ನು ಒಪ್ಪಬೇಕು.

'ಒಂದಿಷ್ಟು' ಎಂದರೆ ಮಾರಾಟಕ್ಕೆ ಸಾಲದು. ಅಲ್ಲಿಂದ ತಕರಾರು ಆರಂಭ. ಕಾರ್ಡಿನ ವೇಗವನ್ನು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಿತು ಎಂದು ಎಣಿಸುವುದು ವಾಡಿಕೆ. 40ರ ಪೀಳಿಗೆಯಲ್ಲಿ, ಲೆಕ್ಕ ಮಾಡಿ ಬಿಡಿಸಿದ ಎರಡು ಚಿತ್ರಗಳ ನಡುವೆ ಊಹಿಸಿದ ಒಂದು ಚಿತ್ರವನ್ನು ತುಂಬುವ ಉಪಾಯ ಬಂತು. 50ರ ಪೀಳಿಗೆ 2025ರಲ್ಲಿ ಬಂದಾಗ ಮೂರರವರೆಗೆ ತುಂಬುವಂತಾಯಿತು. 2025ರ ಜನವರಿಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಲಾಸ್ ವೇಗಾಸ್‌ನ ವೇದಿಕೆಯಲ್ಲಿ, 549 ಡಾಲರಿನ 5070 ಕಾರ್ಡು 4090ರ ಸಾಮರ್ಥ್ಯ ಕೊಡುತ್ತದೆಂದು ಸಾರಿದರು. ಆ 4090, 2022ರಲ್ಲಿ 1599 ಡಾಲರಿಗೆ ಬಂದದ್ದು. ಮಾರ್ಚಿನಲ್ಲಿ 5070 ಕೈಗೆ ಸಿಕ್ಕಾಗ ಸ್ವತಂತ್ರ ಪರೀಕ್ಷಕರು ತುಂಬಿದ ಚಿತ್ರಗಳನ್ನು ಬಿಟ್ಟು ಎಣಿಸಿದರು. ಅದು 4090ಕ್ಕಿಂತ ಬಹಳ ಹಿಂದೆ ಉಳಿಯಿತು.

ಗೆಳತಿಯ ಪರವಾಗಿ "ಹಾಜರ್ ಮಿಸ್" ಎಂದು ಕೂಗುವ ಮಕ್ಕಳನ್ನು ನಾನು ಬಲ್ಲೆ. ಧ್ವನಿ ನಲವತ್ತು ಕೇಳಿಸಿದರೂ ಬೆಂಚಿನ ಮೇಲೆ ಕೂತವರು ಮೂವತ್ತೇ ಇರುತ್ತಾರೆ. ನ್ಯಾಯವಾಗಿ ಹೇಳುವುದಾದರೆ ತುಂಬಿದ ಚಿತ್ರಗಳಿಂದ ಆಟದ ನೋಟ ನಯವಾಗುತ್ತದೆ, ಅದು ಸುಳ್ಳಲ್ಲ. ಆದರೆ ಗುಂಡಿ ಒತ್ತಿದ್ದಕ್ಕೆ ಉತ್ತರ ಬೇಗ ಬರುವುದಿಲ್ಲ. ನಡುವಿನದನ್ನು ಊಹಿಸಲು ಮುಂದಿನ ಚಿತ್ರ ಸಿದ್ಧವಾಗುವ ತನಕ ಕಾಯಲೇಬೇಕು. ಬ್ಲೆಂಡರಿನಲ್ಲಿ ಅಂತಿಮ ಚಿತ್ರ ತಯಾರಿಸುವ ನಮ್ಮ ಹುಡುಗಿಗಂತೂ ಇದರಿಂದ ಕವಡೆಯ ಪ್ರಯೋಜನವಿಲ್ಲ. ಅವಳ ಒಂದೊಂದು ಚಿತ್ರವನ್ನೂ ಕಾರ್ಡು ಕೂತು ಲೆಕ್ಕ ಮಾಡಿಯೇ ಮುಗಿಸಬೇಕು.

"ಹಾಗಾದರೆ ನಿನ್ನ ಕೆಲಸವನ್ನೇ ಎರಡಕ್ಕೂ ಕೊಟ್ಟು ನೋಡು" ಎಂದೆ. ಹಳೆಯದನ್ನು ಮಾರುವವರು ತಮ್ಮ ಮನೆಯಲ್ಲೇ ನಡೆಸಿ ತೋರಿಸಲು ಒಪ್ಪಿದರು. 4060 ಅವಳ ಸಹಪಾಠಿಯ ಬಳಿ ಇತ್ತು. ಮೊದಲು ಕೊಟ್ಟದ್ದು ಒಂದು ಅಂಗಳ, ತುಳಸಿಕಟ್ಟೆ, ಒಬ್ಬ ಅಜ್ಜಿ ಇರುವ ದೃಶ್ಯ. ಹೊಸದು ಬೇಗ ಮುಗಿಸಿತು. ಎರಡನೆಯದು ಜಾತ್ರೆ: ತೇರು, ಅಂಗಡಿ ಸಾಲು, ನೂರಾರು ಜನ. ಹಳೆಯದು ತಡವಾಗಿಯಾದರೂ ಮುಗಿಸಿತು. ಹೊಸದು ಮೆಮೊರಿ ಸಾಲದೆಂದು ನಿಂತುಬಿಟ್ಟಿತು. ಜನರನ್ನು ಕಡಿಮೆ ಮಾಡಿದರೆ, ಬಟ್ಟೆಗಳ ಬಣ್ಣ ನೇಯ್ಗೆಗಳನ್ನು ಸರಳಗೊಳಿಸಿದರೆ ಹೊಸದರಲ್ಲೂ ಆಗುತ್ತಿತ್ತು. ಅದನ್ನೂ ಹೇಳಿ ಸುಮ್ಮನಾದೆ, ತೀರ್ಮಾನ ಅವಳದಾಗಬೇಕಿತ್ತು. ಸ್ವಲ್ಪ ಹೊತ್ತು ಯೋಚಿಸಿ, "ಮೇಡಂ, ನಾನು ಮಾಡಬೇಕೆಂದಿರುವುದು ಜಾತ್ರೆಯನ್ನೇ" ಎಂದಳು.

ಹಳೆಯದನ್ನೇ ಕೊಂಡಳು. ಕೊಳ್ಳುವ ಮೊದಲು ಫ್ಯಾನ್ ತಿರುಗುವುದನ್ನು ನೋಡಿದಳು, 12 ಜಿಬಿ ಹೌದೇ ಎಂದು ಕಂಪ್ಯೂಟರಿನಲ್ಲೇ ತೆರೆದು ಖಚಿತಮಾಡಿಕೊಂಡಳು. ಗ್ಯಾರಂಟಿ ಇಲ್ಲವೆಂಬುದನ್ನು ತಾಯಿಗೆ ಮೊದಲೇ ತಿಳಿಸಿದಳು. ವಿದ್ಯುತ್ತಿನ ಲೆಕ್ಕವನ್ನೂ ಬರೆದುಕೊಟ್ಟಳು: ಪೂರ್ತಿ ದುಡಿಸಿದಾಗ ವ್ಯತ್ಯಾಸ 55 ವಾಟ್, ದಿನಕ್ಕೆ ಎಂಟು ಗಂಟೆಯಂತೆ ಇಪ್ಪತ್ತೈದು ದಿನಕ್ಕೆ 11 ಯೂನಿಟ್. ಉಳಿದ ಹಣದಿಂದ ಅಷ್ಟನ್ನು ಕಟ್ಟಬಹುದೆಂದು ತಾಯಿ ಒಪ್ಪಿದರು.

ಇದರಿಂದ ಹಳೆಯ ಕಾರ್ಡೇ ಮೇಲು ಎಂದು ಯಾರೂ ತೀರ್ಪು ಕೊಡಬೇಕಾಗಿಲ್ಲ. ಅಂಗಳ ಮತ್ತು ಅಜ್ಜಿಯೇ ಸಾಕೆನ್ನುವವರಿಗೆ ಹೊಸದೇ ಸರಿ, ಕರೆಂಟಿನ ಬಿಲ್ಲೂ ಕಡಿಮೆ. ನನ್ನ ಆಕ್ಷೇಪಣೆ ಹೋಲಿಕೆಯನ್ನು ಅಚ್ಚುಹಾಕಿ ಹಂಚುವವರ ಮೇಲೆ. ಎತ್ತರದ ಕಂಬ, ಗಿಡ್ಡ ಕಂಬಗಳನ್ನು ಬಣ್ಣದಲ್ಲಿ ನಿಲ್ಲಿಸಿ, ಯಾವ ಕೆಲಸ ಕೊಟ್ಟು ಅಳೆದೆವು, ತುಂಬಿದ ಚಿತ್ರಗಳನ್ನು ಎಣಿಸಿದೆವೋ ಇಲ್ಲವೋ ಎಂಬುದನ್ನು ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆಯುತ್ತಾರೆ. ಶಾಲೆಯಲ್ಲಿ ನಾವು ಪ್ರಶ್ನೆಯನ್ನು ಮೊದಲು ಓದಿ, ಅಂಕವನ್ನು ಆಮೇಲೆ ಹಾಕುತ್ತೇವೆ. ಹೊಲಿಗೆ ಯಂತ್ರದ ಮುಂದೆ ಕೂತು ಗಳಿಸಿದ ಹಣವನ್ನು ಕೇಳುವವರು ಆ ಕ್ರಮವನ್ನಾದರೂ ಪಾಲಿಸಬೇಕು.